ಬರಿಗಾಲಿನ ಬಡಾಯಿ

ಗ್ರೀಸಿಗೆ ಹೋಗಿಬಂದವರಲ್ಲಿ ಈಗ ಎರಡು ಜಾತಿ. ಸಾಂಟೊರಿನಿಯ ನೀಲಿ ಗುಮ್ಮಟದ ಮುಂದೆ ಸರದಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಂದವರದು ಕೆಳಗಿನ ಜಾತಿ. ದೋಣಿಯಲ್ಲಿ ಮಾತ್ರ ಮುಟ್ಟಬಹುದಾದ ಯಾವುದೋ ಕೊಲ್ಲಿಯಲ್ಲಿ, ಜೊಂಡಿನ ಸೂರಿನ ಕೆಳಗೆ, ಕರೆಂಟಿಲ್ಲದೆ, ಫೋನಿಗೆ ಸಿಗ್ನಲ್ ಇಲ್ಲದೆ, ಲಾಟೀನಿನ ಬೆಳಕಿನಲ್ಲಿ ವಾರ ಕಳೆದು ಬಂದವರದು ಮೇಲಿನ ಜಾತಿ. ಎರಡನೆಯವರು ಮಾತಿಗೆ ಕೂತರೆ ಮೊದಲನೆಯವರು ತಮ್ಮ ಫೋನುಗಳನ್ನು ಮೆಲ್ಲಗೆ ಜೇಬಿಗೆ ಇಳಿಸುತ್ತಾರೆ. ಬೆಂಗಳೂರಿನ ಊಟದ ಮೇಜುಗಳಲ್ಲಿ ನಾನು ಇದನ್ನು ಕಂಡಿದ್ದೇನೆ; ಲಂಡನ್ನಿನಲ್ಲಿ ನೆಲೆಸಿದ ಕನ್ನಡದವರ ಮನೆಗಳಲ್ಲೂ ಕಂಡಿದ್ದೇನೆ. ‘ಅಲ್ಲಿ ಏನೂ ಇರಲಿಲ್ಲ ಗೊತ್ತಾ, ಏನೂ ಇರಲಿಲ್ಲ’ ಎನ್ನುವಾಗ ಆ ದನಿಯಲ್ಲಿ ಪುಣ್ಯ ಕಟ್ಟಿಕೊಂಡು ಬಂದವರ ಠೀವಿ ಇರುತ್ತದೆ.

ಈ ಮೇಲುಜಾತಿಯವರ ನಂಬಿಕೆ ಇಷ್ಟು: ಅಲ್ಲಿನ ವಾಸ ಸರಳ, ಅದು ಭೂಮಿಗೆ ಭಾರವಲ್ಲ, ಮತ್ತು ಅದೇ ನಿಜವಾದ ಗ್ರೀಸ್, ಉಳಿದದ್ದೆಲ್ಲ ಸಂತೆ. ಪ್ರವಾಸದ ಪತ್ರಿಕೆಗಳು ಇದನ್ನು ‘ಮೂಲಕ್ಕೆ ಮರಳುವುದು’ ಎಂದು ಬಣ್ಣಿಸುತ್ತವೆ. ಬರಿಗಾಲಲ್ಲಿ ಓಡಾಡುವುದನ್ನು ಒಂದು ಸಾಧನೆಯ ಮಟ್ಟಕ್ಕೆ ಏರಿಸಿವೆ. ನನಗೆ ಈ ಮೂರರಲ್ಲಿ ಒಂದೂ ನಿಜ ಎನ್ನಿಸುವುದಿಲ್ಲ. ಆ ಕೊಲ್ಲಿಗಳು ಚೆಲುವಾಗಿವೆ, ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಒಪ್ಪಿದೆ. ಸುಖಪಟ್ಟು ಬಂದವರು ಸುಖಪಟ್ಟೆವು ಎಂದರೆ ಜಗಳವೇ ಇಲ್ಲ. ತ್ಯಾಗ ಮಾಡಿ ಬಂದೆವು ಎನ್ನುತ್ತಾರಲ್ಲ, ತಕರಾರು ಅಲ್ಲಿ.

ನೀರಿನಿಂದಲೇ ಶುರುಮಾಡೋಣ. ಏಜಿಯನ್ ಸಮುದ್ರದ ನಡುವಿನ ಸಿಕ್ಲಡೀಸ್ ದ್ವೀಪಗಳಲ್ಲಿ ವರ್ಷದ ಮಳೆ 400 ಮಿಲಿಮೀಟರ್ ಮುಟ್ಟುವುದೇ ಕಷ್ಟ, ಅದೂ ಬಹುಪಾಲು ಚಳಿಗಾಲದಲ್ಲಿ. ಪ್ರವಾಸಿಗರು ಬರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹನಿ ಬೀಳದ ವಾರಗಳು ಸಾಲಾಗಿ ಕಳೆಯುತ್ತವೆ. ಮೆಲ್ಟೆಮಿ ಎಂಬ ಬಡಗಣ ಗಾಳಿ ಇದ್ದಬದ್ದ ತೇವವನ್ನೂ ಒಣಗಿಸುತ್ತದೆ. ಹಳೆಯ ಮನೆಗಳ ಚಪ್ಪಟೆ ತಾರಸಿಯ ಮೇಲೆ ಬಿದ್ದ ಮಳೆ ನೆಲದಡಿಯ ತೊಟ್ಟಿಗೆ ಇಳಿಯುತ್ತಿತ್ತು. ಸ್ಟೆರ್ನಾ ಎಂದು ಕರೆಯುವ ಆ ತೊಟ್ಟಿಯಲ್ಲಿ ಎಷ್ಟಿದೆಯೋ ಅಷ್ಟರಲ್ಲಿ ಮನೆಮಂದಿಯೂ ಮೇಕೆಗಳೂ ಬೇಸಿಗೆಯನ್ನು ದಾಟಬೇಕು. ಆ ಲೆಕ್ಕ ಮುರಿದು ಬಹಳ ಕಾಲವಾಯಿತು. ಅನೇಕ ದ್ವೀಪಗಳಿಗೆ ದಶಕಗಳ ಕಾಲ ಟ್ಯಾಂಕರ್ ಹಡಗಿನಲ್ಲಿ ನೀರು ಬಂತು. ಈಗ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿವೆ. ಅವಕ್ಕೆ ಕರೆಂಟು ಬೇಕು, ಮುಖ್ಯ ಭೂಭಾಗದ ವಿದ್ಯುತ್ ಜಾಲಕ್ಕೆ ಸೇರದ ಸಣ್ಣ ದ್ವೀಪದಲ್ಲಿ ಕರೆಂಟಿಗೆ ಡೀಸೆಲ್ ಬೇಕು, ಡೀಸೆಲ್ ತರಲು ಹಡಗು ಬೇಕು. ಈ ಸರಪಳಿಯ ಕೊನೆಯ ಕೊಂಡಿ, ‘ಏನೂ ಇಲ್ಲದ’ ಆ ಗುಡಿಸಲುಗಳ ಹಿಂದೆ, ತಡಿಕೆಯ ಮರೆಯಲ್ಲಿ, ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ರೂಪದಲ್ಲಿ ಕೂತಿರುತ್ತದೆ. ಈಜಿ ಬಂದವರು ಮೈಮೇಲಿನ ಉಪ್ಪು ತೊಳೆದುಕೊಳ್ಳುವುದು ಅದರಿಂದ.

ಕ್ರೀಟಿನ ದಕ್ಷಿಣ ಕರಾವಳಿಯಲ್ಲಿ ಲೂತ್ರೊ ಎಂಬ ಹಳ್ಳಿಯಿದೆ. ಅದಕ್ಕೆ ರಸ್ತೆಯಿಲ್ಲ. ಬೆಟ್ಟದ ಅಂಚಿನ ಕಾಲುದಾರಿ, ಇಲ್ಲವೇ ಖೋರಾ ಸ್ಫಾಕಿಯೊನ್‌ನಿಂದ ಹಡಗು. ಇಂಥ ಊರಿನ ದಕ್ಕೆಯ ಮೇಲೆ ಬೆಳಗಿನ ಹೊತ್ತು ನಿಂತರೆ ಸರಳತೆ ಹೇಗೆ ತಯಾರಾಗುತ್ತದೆಂಬುದು ಕಣ್ಣಿಗೆ ಬೀಳುತ್ತದೆ: ಗ್ಯಾಸ್ ಸಿಲಿಂಡರು, ಟೊಮೆಟೊ ಕ್ರೇಟು, ಹಿಟ್ಟಿನ ಮೂಟೆ, ಬಿಯರು, ಕುಡಿಯುವ ನೀರಿನ ಬಾಟಲಿಗಳ ಕಟ್ಟು, ತೊಳೆದು ಮಡಚಿದ ಹಾಸಿಗೆ ಬಟ್ಟೆ. ಹಿಂದಿರುಗುವ ಹಡಗಿಗೆ ಕೊಳೆ ಬಟ್ಟೆಯ ಮೂಟೆ, ಖಾಲಿ ಸಿಲಿಂಡರು, ಕಸ. ಅದು ಊರಾದ್ದರಿಂದ ಅಷ್ಟಕ್ಕೇ ಮುಗಿಯುತ್ತದೆ. ಅದರಾಚೆಯ ನಿರ್ಜನ ಕೊಲ್ಲಿಗಳಿಗೆ ಇದೇ ಸರಕು ಇನ್ನೊಂದು ಸಣ್ಣ ದೋಣಿಗೆ ಬದಲಾಗಿ, ಇನ್ನಷ್ಟು ಪೆಟ್ರೋಲು ಕುಡಿದು, ಇನ್ನಿಬ್ಬರ ಹೆಗಲೇರಿ ಹೋಗುತ್ತದೆ. ಊರಿನ ಅಂಗಡಿಯಿಂದ ಐವತ್ತು ಹೆಜ್ಜೆ ನಡೆದು ಬರುವ ಮೊಸರು ಅಲ್ಲಿ ಸಮುದ್ರಯಾನ ಮಾಡಿ ಬರುತ್ತದೆ. ದೂರವನ್ನು ಸರಳತೆ ಎಂದು ಯಾರು ತಿಳಿದರೋ ನಾನರಿಯೆ. ಜನರಿಂದ ದೂರ ಹೋದಷ್ಟೂ ಒಂದು ಲೋಟ ನೀರಿನ ಹಿಂದಿನ ಏರ್ಪಾಟು ದೊಡ್ಡದಾಗುತ್ತದೆ.

ನಮ್ಮಲ್ಲಿ ಕೆಲವು ಮನೆಗಳ ಏಕಾದಶಿ ನೆನಪಾಗುತ್ತದೆ. ಉಪವಾಸವೆಂದರೆ ಅನ್ನ ಇಲ್ಲ ಅಷ್ಟೆ. ಅವಲಕ್ಕಿ, ಉಪ್ಪಿಟ್ಟು, ಸಜ್ಜಿಗೆ, ಬಾಳೆಹಣ್ಣಿನ ರಸಾಯನ, ನಡುವೆ ಎರಡು ಸಲ ಕಾಫಿ. ಗಂಡಸರು ಸಂಜೆ ಮೈ ಹಗುರಾಯಿತು ಎನ್ನುತ್ತಾರೆ. ಅಡುಗೆಮನೆಯಲ್ಲಿ ಹೆಂಗಸರಿಗೆ ಅಂದು ಎರಡು ಪಾಲು ಕೆಲಸ. ಕೊಲ್ಲಿಯ ಗುಡಿಸಲಲ್ಲಿ ನಡೆಯುವುದೂ ಇದೇ. ಅತಿಥಿ ಬಿಟ್ಟದ್ದು ಸ್ವಿಚ್ಚನ್ನು. ಸ್ವಿಚ್ಚು ಮಾಡುತ್ತಿದ್ದ ಕೆಲಸವನ್ನು ಈಗ ಯಾರೋ ಕೈಯಿಂದ ಮಾಡುತ್ತಾರೆ. ದೀಪಕ್ಕೆ ಎಣ್ಣೆ ಹಾಕುವವರು, ಮರಳು ಗುಡಿಸುವವರು, ಒಲೆಯ ಬೂದಿ ತೆಗೆಯುವವರು, ಕಾಂಪೋಸ್ಟ್ ಪಾಯಿಖಾನೆಯ ಡಬ್ಬಿ ಹೊರುವವರು. ಈ ಕೊನೆಯವರನ್ನು ಯಾವ ಪ್ರವಾಸ ಕಥನದಲ್ಲೂ ನಾನು ಭೇಟಿಯಾಗಿಲ್ಲ.

ಕಲ್ಲಿನ ಗೋಡೆಗಳ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟುವ ಈ ಕಸಬನ್ನು 2018ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳ ಹೆಸರು ಅದರಲ್ಲಿದೆ. ಅತಿಥಿಗಳು ಆ ಗೋಡೆಗೆ ಬೆನ್ನು ಕೊಟ್ಟು ಕೂತು ಸಾವಿರಾರು ವರ್ಷಗಳ ನಿರಂತರತೆಯ ಬಗ್ಗೆ ಧ್ಯಾನಿಸುತ್ತಾರೆ. ಆದರೆ ಇಂದು ದ್ವೀಪಗಳಲ್ಲಿ ಹೊಸದಾಗಿ ಎದ್ದ, ದುರಸ್ತಿಯಾದ ಕಲ್ಲುಗೋಡೆಗಳಲ್ಲಿ ಬಹಳಷ್ಟನ್ನು ಕಟ್ಟಿದವರು 1990ರ ದಶಕದಿಂದ ಅಲ್ಬೇನಿಯಾದಿಂದ ಕೂಲಿ ಹುಡುಕಿ ಬಂದವರು. ದ್ವೀಪದವರ ಮಕ್ಕಳು ಆ ಹೊತ್ತಿಗೆ ಅಥೆನ್ಸಿನಲ್ಲಿ ಆಫೀಸು ಸೇರಿದ್ದರು.

ಇನ್ನು ಆ ‘ಮೂಲ’. ಅದು ಯಾರ ಮೂಲ? ಸೆರಿಫೊಸ್, ಫೊಲೆಗಾಂದ್ರೊಸ್, ಇಯೊಸ್, ಅಸ್ತಿಪಾಲಿಯಾ, ಸ್ಕೀರೊಸ್, ಯಾವ ದ್ವೀಪವನ್ನಾದರೂ ನೋಡಿ: ಹಳೆಯ ಊರು ಕಡಲಂಚಿನಲ್ಲಿಲ್ಲ. ಖೋರಾ ಎಂದು ಕರೆಯುವ ಮುಖ್ಯ ಊರು ಗುಡ್ಡದ ನೆತ್ತಿಯ ಮೇಲೆ, ಮನೆಗೆ ಮನೆ ಅಂಟಿ, ಹೊರಗೋಡೆಗಳೇ ಕೋಟೆಯಾಗುವಂತೆ ಕಟ್ಟಿಕೊಂಡದ್ದು. ಕಾರಣ ಕಡಲುಗಳ್ಳರು. 1537ರಲ್ಲಿ ಒಟ್ಟೊಮನ್ ನೌಕಾಪತಿ ಬಾರ್ಬರೊಸ ಈ ದ್ವೀಪಗಳ ಮೇಲೆ ಎರಗಿ ಸಾವಿರಾರು ಜನರನ್ನು ಗುಲಾಮರನ್ನಾಗಿ ಹೊತ್ತೊಯ್ದ. ಅದಕ್ಕೆ ಮುಂಚೆಯೂ ಆಮೇಲೂ ಹೆಸರಿಲ್ಲದ ಎಷ್ಟೋ ದಾಳಿಗಳು. ತೀರವೆಂದರೆ ಸಾವು ಬಂದಿಳಿಯುವ ಜಾಗ. ಅದರ ಜೊತೆಗೆ ಉಪ್ಪುಗಾಳಿಗೆ ಬೆಳೆ ನಿಲ್ಲದ ಜಾಗ. ಆಸ್ತಿ ಪಾಲಾಗುವಾಗ ಒಳನಾಡಿನ ಆಲಿವ್ ತೋಟ ಗಂಡುಮಕ್ಕಳಿಗೆ, ಕಡಲ ಪಕ್ಕದ ಕೆಲಸಕ್ಕೆ ಬಾರದ ಬಂಜರು ಹೆಣ್ಣುಮಕ್ಕಳಿಗೆ ಎಂಬ ಕಥೆಯನ್ನು ದ್ವೀಪಗಳಲ್ಲಿ ಇಂದಿಗೂ ನಕ್ಕು ಹೇಳುತ್ತಾರೆ. ಆ ಬಂಜರೇ ಈಗ ಚಿನ್ನವಾಗಿ ಅಣ್ಣತಮ್ಮಂದಿರು ಕೈ ಹಿಸುಕಿಕೊಂಡದ್ದು ಕಥೆಯ ಉತ್ತರಾರ್ಧ. ಏಕಾಂತ ಕಡಲತೀರದಲ್ಲಿ ಗುಡಿಸಲು ಹಾಕಿ ಬಾಳುವುದು ಗ್ರೀಕರ ಹಳೆಯ ಜೀವನಕ್ರಮ ಅಲ್ಲವೇ ಅಲ್ಲ. ಅಲ್ಲಿ ಬಲೆ ಒಣಗಿಸುವ ಬೆಸ್ತರು, ಮೇಕೆ ಕಾಯುವವರು ಹೊತ್ತು ಕಳೆದು ಸಂಜೆ ಮೇಲಕ್ಕೆ ಹೋಗುತ್ತಿದ್ದರು.

ಒಂಟಿ ತೀರದಲ್ಲಿ, ಕನಿಷ್ಠ ಸಾಮಾನಿನೊಂದಿಗೆ, ಲೋಕದ ಸಂಪರ್ಕವಿಲ್ಲದೆ ನಿಜಕ್ಕೂ ಬಾಳಿದ ಗ್ರೀಕರು ಇದ್ದರು. ಅವರನ್ನು ಅಲ್ಲಿಗೆ ಸರಕಾರ ಕಳಿಸಿತ್ತು. 1929ರ ಪ್ರಧಾನಿ ವೆನಿಜೆಲೊಸ್ ಕಾಲದ ಕಾನೂನಿನಿಂದ ಹಿಡಿದು 1936ರ ಮೆಟಾಕ್ಸಾಸ್ ಸರ್ವಾಧಿಕಾರ, 1940ರ ದಶಕದ ಅಂತರ್ಯುದ್ಧ, 1967ರಿಂದ 74ರ ಸೇನಾಡಳಿತದವರೆಗೆ ಕಮ್ಯುನಿಸ್ಟರನ್ನೂ ಇತರ ವಿರೋಧಿಗಳನ್ನೂ ದ್ವೀಪಗಳಿಗೆ ಗಡೀಪಾರು ಮಾಡುವುದು ಅಲ್ಲಿನ ರಾಜ್ಯದ ಅಭ್ಯಾಸವಾಗಿತ್ತು. ಅನಾಫಿ, ಫೊಲೆಗಾಂದ್ರೊಸ್, ಗಾವ್ದೊಸ್, ಐ ಸ್ಟ್ರಾಟಿಸ್, ಇಕಾರಿಯಾ, ಲೆರೊಸ್. ಇವತ್ತಿನ ‘ಯಾರಿಗೂ ಗೊತ್ತಿಲ್ಲದ ದ್ವೀಪ’ಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಹೆಸರು ಹೆಸರಿಗೆ ತಾಳೆಯಾಗುತ್ತದೆ. ಆಗಬೇಕಾದ್ದೇ: ಸೆರೆಮನೆಗೂ ರಿಟ್ರೀಟಿಗೂ ಬೇಕಾದ ಅರ್ಹತೆಗಳು ಒಂದೇ. ನೀರು ಕಡಿಮೆ, ಹಡಗು ಅಪರೂಪ, ಸುತ್ತ ಯಾರೂ ಇಲ್ಲ. ಮಾಕ್ರೊನಿಸೊಸ್‌ನಲ್ಲಿ 1947ರಿಂದ ಹತ್ತಾರು ಸಾವಿರ ಯುವಕರು ತೀರದ ಡೇರೆಗಳಲ್ಲಿದ್ದರು. ತಮ್ಮ ನಂಬಿಕೆಯನ್ನು ತಳ್ಳಿಹಾಕುವ ಕಾಗದಕ್ಕೆ ಸಹಿ ಹಾಕಿಸಲು ಅಲ್ಲಿ ಹೊಡೆಯುತ್ತಿದ್ದರು. ಕವಿ ಯಾನಿಸ್ ರಿಟ್ಸೊಸ್ ಅಲ್ಲಿದ್ದ, ಐ ಸ್ಟ್ರಾಟಿಸ್‌ನಲ್ಲಿದ್ದ, ಮುಂದೆ ಸೇನಾಡಳಿತ ಬಂದಾಗ ಮತ್ತೆ ಗ್ಯಾರೊಸ್, ಲೆರೊಸ್ ಕಂಡ. ಇನ್ನು ಕ್ರೀಟಿನ ಪಕ್ಕದ ಸ್ಪಿನಲೊಂಗಾ 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನು ತಂದು ಬಿಡುವ ದ್ವೀಪ.

ಅನಾಫಿಯ ಗಡೀಪಾರಾದವರ ಬಗ್ಗೆ ಮಾರ್ಗರೆಟ್ ಕೆನ್ನಾ ಎಂಬ ಮಾನವಶಾಸ್ತ್ರಜ್ಞೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. 1930ರ ದಶಕದ ಆ ಬಂಧಿಗಳು ತಮ್ಮಲ್ಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಒಟ್ಟಿಗೆ ಅಡುಗೆ, ಸರದಿಯಂತೆ ಕೆಲಸ, ಓದು ಬಾರದವರಿಗೆ ಪಾಠ. ಸರಳ ಜೀವನದ ಮಾದರಿ ಬೇಕೆಂದರೆ ಇದನ್ನು ಒಪ್ಪಿಕೊಳ್ಳಲು ನಾನು ತಯಾರು, ಏಕೆಂದರೆ ಇಲ್ಲಿ ಪಾತ್ರೆ ತೊಳೆದವನೂ ಉಂಡವನೂ ಒಬ್ಬನೇ. ಇಂದು ಅದೇ ದ್ವೀಪದ ರುಕುನಾಸ್ ತೀರದಲ್ಲಿ ಡೇರೆ ಹಾಕಿ ಮಲಗುವವರಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತು? ಗೊತ್ತಿಲ್ಲದಿರುವುದು ಅಪರಾಧವಲ್ಲ. ಆದರೆ ಗೊತ್ತಿಲ್ಲದೆಯೇ ‘ನಿಜವಾದ ಗ್ರೀಸ್ ಕಂಡೆ’ ಎನ್ನುವುದಿದೆಯಲ್ಲ.

ಊರಿನ ಜನರು ಈ ಸರಳತೆಯನ್ನು ಏನು ಮಾಡಿದರು ಎಂಬುದು ದಾಖಲೆಯಲ್ಲಿದೆ: ಸಾಧ್ಯವಾದ ಕೂಡಲೇ ಬಿಟ್ಟು ಓಡಿದರು. ಅನಾಫಿಯ ಕಲ್ಲುಕುಟಿಗರು ಹತ್ತೊಂಬತ್ತನೆಯ ಶತಮಾನದಲ್ಲೇ ಅಥೆನ್ಸಿಗೆ ಹೋಗಿ ಆಕ್ರೊಪೊಲಿಸ್ ಬಂಡೆಯ ಬುಡದಲ್ಲಿ ಅನಾಫಿಯೋಟಿಕಾ ಎಂಬ ಕೇರಿ ಕಟ್ಟಿಕೊಂಡರು. ಕಾಲಿಮ್ನೊಸ್‌ನ ಸ್ಪಂಜು ಮುಳುಗುಗಾರರು ಡೈವಿಂಗ್ ಸೂಟು ಬಂದ ಮೇಲೆ ಆಳಕ್ಕಿಳಿದು, ಬೇಗ ಮೇಲೆದ್ದು, ಲಕ್ವ ಹೊಡೆದು ಊರುಗೋಲು ಹಿಡಿದರು, ಇಲ್ಲವೇ ಹೆಣವಾದರು. ಉಳಿದವರಲ್ಲಿ ಹಲವರು ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಸೇರಿದರು. ಎರಡನೆಯ ಮಹಾಯುದ್ಧದ ನಡುವೆ, 1941–42ರ ಚಳಿಗಾಲದಲ್ಲಿ, ಶತ್ರುಸೇನೆಯ ಹಿಡಿತದಲ್ಲಿ ಹಡಗು ನಿಂತಾಗ, ಸೀರೊಸ್ ಮತ್ತು ಮಿಕೊನೊಸ್‌ಗಳಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಬಿದ್ದು ಸತ್ತರು. ‘ದ್ವೀಪ ತನ್ನಷ್ಟಕ್ಕೆ ತಾನು ಬದುಕುತ್ತದೆ’ ಎಂಬ ಕನಸಿಗೆ ಅದಕ್ಕಿಂತ ಸ್ಪಷ್ಟ ಉತ್ತರ ಇಲ್ಲ. ‘ಮೆಡಿಟೆರ್ರಾನಿಯೊ’ ಎಂಬ 1991ರ ಇಟಲಿಯ ಸಿನಿಮಾ ಕಾಸ್ಟೆಲೊರಿಜೊ ದ್ವೀಪದಲ್ಲಿ ಕಾಲ ನಿಂತುಹೋದ ಸ್ವರ್ಗವೊಂದನ್ನು ತೋರಿಸಿ ಆಸ್ಕರ್ ಗೆದ್ದಿತು. ಅದೇ ಯುದ್ಧದಲ್ಲಿ ಆ ದ್ವೀಪ ಬಾಂಬಿಗೆ ಸಿಕ್ಕಿತ್ತು. 1943ರಲ್ಲಿ ಜನರನ್ನು ಗಾಜಾದ ಶಿಬಿರಕ್ಕೆ ಸಾಗಿಸಲಾಗಿತ್ತು. ಬಹುತೇಕ ಕುಟುಂಬಗಳು ಈಗ ಆಸ್ಟ್ರೇಲಿಯಾದಲ್ಲಿವೆ. ಪರ್ತ್ ನಗರದಲ್ಲಿ ಎರಡು ಕಾರು, ಮೂರು ಬಚ್ಚಲಿನ ಮನೆ ಕಟ್ಟಿಕೊಂಡ ಆ ಅಜ್ಜಿಯರಿಗೆ ‘ಮೂಲಕ್ಕೆ ಮರಳಿ’ ಎಂದು ಹೇಳಿನೋಡಿ.

ಸೆರಿಫೊಸ್‌ನ ಮೆಗಾಲೊ ಲಿವಾದಿ ಕೊಲ್ಲಿಯನ್ನು ಯಾರೂ ಮುಟ್ಟದ ತೀರ ಎಂಬಂತೆ ಹೊಗಳುವುದುಂಟು. ಅಲ್ಲಿ ನೀರಿನ ಮೇಲೆ ಚಾಚಿಕೊಂಡ ತುಕ್ಕುಹಿಡಿದ ಕಬ್ಬಿಣದ ಸೇತುವೆಯೊಂದಿದೆ. ಅದು ಅದಿರನ್ನು ಹಡಗಿಗೆ ಸುರಿಯುತ್ತಿದ್ದ ಜಾಗ. 1916ರ ಆಗಸ್ಟಿನಲ್ಲಿ, ಕೊನ್‌ಸ್ತಾಂತಿನೊಸ್ ಸ್ಪೆರಾಸ್ ಎಂಬವರ ಮುಂದಾಳುತನದಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿ ಅದಿರು ತುಂಬಲು ಬಿಡದೆ ನಿಂತಾಗ ಪೊಲೀಸರು ಗುಂಡು ಹಾರಿಸಿದರು. ನಾಲ್ವರು ಕಾರ್ಮಿಕರು ಸತ್ತರು. ಕೇಳಿದ್ದು ಎಂಟು ಗಂಟೆಯ ದುಡಿಮೆ ಮತ್ತು ಜೀವಕ್ಕೆ ಅಪಾಯವಿಲ್ಲದ ಗಣಿ. ಮುಟ್ಟದ ತೀರವಂತೆ.

ಈ ಫ್ಯಾಷನ್ನಿಗೂ ಒಂದು ಚರಿತ್ರೆಯಿದೆ, ಅದರ ತುಂಬ ಹೊಡೆಯುವ ಪ್ರಸಂಗ ಮಾತಲಾ ಗುಹೆಗಳದು. ಕ್ರೀಟಿನ ದಕ್ಷಿಣದಲ್ಲಿ, ರೋಮನರ ಕಾಲದಲ್ಲಿ ಗೋರಿಗಳಾಗಿದ್ದ ಸುಣ್ಣಕಲ್ಲಿನ ಗುಹೆಗಳಲ್ಲಿ 1960ರ ದಶಕದ ಕೊನೆಗೆ ಅಮೆರಿಕ, ಯುರೋಪಿನ ಹಿಪ್ಪಿಗಳು ಬಿಡಾರ ಹೂಡಿದರು. 1968ರಲ್ಲಿ ‘ಲೈಫ್’ ಪತ್ರಿಕೆ ಅವರನ್ನು ಜಗತ್ತಿಗೆಲ್ಲ ತೋರಿಸಿತು. 1970ರಲ್ಲಿ ಗಾಯಕಿ ಜೋನಿ ಮಿಚೆಲ್ ಬಂದು ಇದ್ದು ಹೋದರು, ಹಾಡೂ ಹುಟ್ಟಿತು. ಸ್ವಾತಂತ್ರ್ಯ ಹುಡುಕಿ ಬಂದೆವು ಎಂದವರು ಅವರು. ಅವರು ಕಾಲಿಟ್ಟ ದೇಶವನ್ನು ಆಗ ಸೇನೆಯ ಕರ್ನಲ್‌ಗಳು ಆಳುತ್ತಿದ್ದರು. ಗ್ಯಾರೊಸ್‌ನಲ್ಲೂ ಲೆರೊಸ್‌ನಲ್ಲೂ ಬೇಲಿಯೊಳಗೆ ಸಾವಿರಾರು ಜನರಿದ್ದರು, ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್‌ರ ಹಾಡುಗಳನ್ನು ನಿಷೇಧಿಸಲಾಗಿತ್ತು. ಒಂದೇ ಸಮುದ್ರ, ಒಂದೇ ಬೇಸಿಗೆ. ಹಿಪ್ಪಿಗಳು ಕೆಟ್ಟವರೆಂದು ಹೇಳುತ್ತಿಲ್ಲ. ಕೊನೆಗೆ ಅವರನ್ನೂ ಗುಹೆಗಳಿಂದ ಓಡಿಸಲಾಯಿತು. ಆದರೆ ಪತ್ರಿಕೆ ಓದದಿರುವುದನ್ನೇ ಮುಕ್ತಿ ಎಂದುಕೊಂಡರೆ ಹೀಗಾಗುತ್ತದೆ. ಸಿಗ್ನಲ್ ಸಿಗದ ಕೊಲ್ಲಿಯ ಆಕರ್ಷಣೆಯಲ್ಲಿ ಇವತ್ತಿಗೂ ಅದರ ಅಂಶವಿದೆ.

ಹೈಡ್ರಾ ದ್ವೀಪದ ಕಥೆ ಇನ್ನೂ ಸಭ್ಯವಾದದ್ದು. ಕವಿ ಲಿಯೊನಾರ್ಡ್ ಕೋಹೆನ್ 1960ರಲ್ಲಿ ಅಲ್ಲಿ 1,500 ಡಾಲರಿಗೆ ಮನೆ ಕೊಂಡ, ನಲ್ಲಿಯಿಲ್ಲದ ಕರೆಂಟಿಲ್ಲದ ಮನೆ. ಎಲ್ಲ ಪ್ರವಾಸಿ ಬರಹಗಳೂ ಇದನ್ನು ಜಪದಂತೆ ಹೇಳುತ್ತವೆ. ಅದೇ ದ್ವೀಪದಲ್ಲಿ ಅವನಿಗಿಂತ ಮೊದಲು ಬಂದು ನೆಲೆಸಿದ್ದ ಆಸ್ಟ್ರೇಲಿಯಾದ ಲೇಖಕಿ ಚಾರ್ಮಿಯನ್ ಕ್ಲಿಫ್ಟ್ 1959ರಲ್ಲಿ ‘ಪೀಲ್ ಮಿ ಎ ಲೋಟಸ್’ ಎಂಬ ಪುಸ್ತಕ ಬರೆದಳು. ಗರ್ಭಿಣಿ, ಇಬ್ಬರು ಮಕ್ಕಳು, ಬರೆಯುವ ಗಂಡ, ಹೊಸದಾಗಿ ಕೊಂಡ ಹಳೇ ಮನೆ, ಸಾಲದ ಹಣ. ಆ ಪುಸ್ತಕವನ್ನು ಜಪಿಸುವವರು ಕಡಿಮೆ. ಕರೆಂಟಿಲ್ಲದ ಮನೆ ಕವಿಗೆ ಕೊಡುವುದೊಂದು, ಮಕ್ಕಳ ಬಟ್ಟೆ ಒಗೆಯುವವಳಿಗೆ ಕೊಡುವುದು ಇನ್ನೊಂದು.

ಇರಲಿ, ಜನರ ಮಾತು ಬಿಡಿ, ಪ್ರಕೃತಿಗಾದರೂ ಇದು ಹಗುರವೇ? ಇಲ್ಲಿ ನನಗೆ ಸಿಟ್ಟೇ ಬರುತ್ತದೆ. ಮೆಡಿಟರೇನಿಯನ್ ಮಂಕ್ ಸೀಲ್ ಎಂಬ ಕಡಲ ಪ್ರಾಣಿ ಜಗತ್ತಿನಲ್ಲಿ ಉಳಿದಿರುವುದು ಸಾವಿರದ ಆಸುಪಾಸು; ಅದರಲ್ಲಿ ಅರ್ಧದಷ್ಟು ಗ್ರೀಸಿನ ನೀರಿನಲ್ಲಿ. ಹಿಂದೆ ಇವು ತೆರೆದ ಮರಳ ಮೇಲೆ ಮಲಗಿ ಮರಿಹಾಕುತ್ತಿದ್ದವು. ಮನುಷ್ಯ ಬೇಟೆಯಾಡಿ, ಓಡಿಸಿ, ತೀರದಿಂದ ತೀರಕ್ಕೆ ಅಟ್ಟಿದ ಮೇಲೆ ಕಡಲ ಗುಹೆಗಳನ್ನು ಸೇರಿದವು. ಈಗ ಅವುಗಳ ಅತಿ ದೊಡ್ಡ ನೆಲೆಗಳಲ್ಲೊಂದು ಗ್ಯಾರೊಸ್, ಅಂದರೆ ಸೆರೆಮನೆಯ ಹೆದರಿಕೆಯಿಂದಲೂ ಆಮೇಲೆ ನೌಕಾದಳದ ಗುಂಡಿನ ಅಭ್ಯಾಸದಿಂದಲೂ ಪ್ರವಾಸಿ ಸುಳಿಯದೆ ಉಳಿದ ದ್ವೀಪ. ಉಳಿದ ಕಡೆ, ‘ಯಾರೂ ಬರದ’ ಗುಹೆಗೆ ಕಯಾಕ್ ಹುಟ್ಟುಹಾಕಿಕೊಂಡು ಹೋಗುವ ಪ್ರಕೃತಿಪ್ರೇಮಿ ನುಗ್ಗುತ್ತಿರುವುದು ಆ ಪ್ರಾಣಿಯ ಕಟ್ಟಕಡೆಯ ಕೋಣೆಗೆ. ಸಾಂಟೊರಿನಿಯಲ್ಲಿ ಸರದಿ ನಿಂತವನು ಆ ಪಾಪವನ್ನಾದರೂ ಮಾಡಲಿಲ್ಲ.

ಗಾವ್ದೊಸ್‌ನಲ್ಲೂ ಕ್ರೀಟಿನ ಕೆದ್ರೊದಾಸೊಸ್‌ನಲ್ಲೂ ಮರಳ ದಿಬ್ಬಗಳ ಮೇಲೆ ಜುನಿಪರ್ ಮರಗಳಿವೆ. ಊರವರು ಕೇದ್ರೊಸ್ ಎನ್ನುತ್ತಾರೆ. ಗಾಳಿಗೆ ಬಾಗಿ ನೆಲಕ್ಕೆ ಹರಡಿದ, ತೀರ ನಿಧಾನ ಬೆಳೆಯುವ ಮರಗಳು. ಅವುಗಳ ಬೇರು ದಿಬ್ಬವನ್ನು ಹಿಡಿದಿದೆ. ಅವುಗಳ ನೆರಳಲ್ಲೇ ಡೇರೆಗಳು, ಕೊಂಬೆಗೆ ಜೋಲಿ, ಬೇರಿನ ಪಕ್ಕ ಒಲೆ, ಸೌದೆಗೆ ಒಣಕೊಂಬೆ. ಉದುರಿದ ಕಾಯಿ ಮೊಳೆಯಬೇಕಾದ ಮರಳನ್ನು ಬರಿಗಾಲುಗಳೇ ತುಳಿದು ಗಟ್ಟಿ ಮಾಡುತ್ತವೆ. ಪಾದರಕ್ಷೆ ಬಿಟ್ಟ ಮಾತ್ರಕ್ಕೆ ಹೆಜ್ಜೆ ಹಗುರವಾಗುವುದಿಲ್ಲ. ಮಲಮೂತ್ರದ ಮಾತು ಸಭ್ಯ ಪ್ರವಾಸ ಕಥನದಲ್ಲಿ ಬರುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ: ಬಂದರಿನ ಊರಲ್ಲಿ ಎಷ್ಟೇ ಕೆಟ್ಟದಾಗಿರಲಿ ಒಂದು ಚರಂಡಿ, ಒಂದು ಕಸದ ಲಾರಿ ಇರುತ್ತದೆ. ಕೊಲ್ಲಿಯಲ್ಲಿರುವುದು ಗುಂಡಿ.

ಇದರಲ್ಲೊಂದು ಕ್ರಮವಿದೆ, ಅದನ್ನು ಮಿಕೊನೊಸ್ ನೋಡಿದರೆ ತಿಳಿಯುತ್ತದೆ. ಇವತ್ತು ಬೀಚ್ ಕ್ಲಬ್ಬುಗಳ ಅಬ್ಬರಕ್ಕೆ ಹೆಸರಾದ ಪ್ಯಾರಡೈಸ್, ಸೂಪರ್ ಪ್ಯಾರಡೈಸ್ ತೀರಗಳು ಒಂದು ಕಾಲಕ್ಕೆ ಬಟ್ಟೆಯ ಹಂಗೂ ಬೇಡವೆಂದ ಬರಿಗಾಲಿನವರ ಅಡಗುದಾಣ. ಮೊದಲು ಬಂದವನು ಡೇರೆ ಹಾಕುತ್ತಾನೆ, ಅವನನ್ನು ನೋಡಿ ಒಬ್ಬ ಚಹಾದಂಗಡಿಯಷ್ಟು ದೊಡ್ಡ ತವೆರ್ನಾ ಎಂಬ ಊಟದಂಗಡಿ ತೆರೆಯುತ್ತಾನೆ, ಅದಕ್ಕೆ ಸಾಮಾನು ತರಲು ಮಣ್ಣಿನ ದಾರಿ, ದಾರಿ ಬಂದ ಮೇಲೆ ಡಾಂಬರು, ಆಮೇಲೆ ಬಾಡಿಗೆಯ ಆರಾಮಕುರ್ಚಿಗಳ ಸಾಲು. ಸಾಲು ಬಂದಾಗ ಮೊದಲಿನವನು ಮೂಗು ಮುರಿದು ಮುಂದಿನ ಕೊಲ್ಲಿಗೆ ಹೋಗುತ್ತಾನೆ. ಅವನು ಈ ಹಾಳಿನ ಬಲಿಪಶುವಲ್ಲ, ಅದರ ಮುಂಗಾವಲು. 2023ರ ಬೇಸಿಗೆಯಲ್ಲಿ ಪಾರೊಸ್‌ನ ಜನ ಬೀದಿಗಿಳಿದರು. ಟವೆಲ್ ಹಾಸಲೂ ಜಾಗವಿಲ್ಲದಂತೆ ಕುರ್ಚಿಗಳು ತೀರವನ್ನು ನುಂಗಿದ್ದವು, ಕಾನೂನಿನ ಪ್ರಕಾರ ತೀರ ಎಲ್ಲರ ಸೊತ್ತಾಗಿದ್ದರೂ. ಮರುವರ್ಷ ಸರಕಾರ ಹೊಸ ಕಾನೂನು ತಂದು ನೀರಿನಂಚಿನಿಂದ ನಾಲ್ಕು ಮೀಟರ್ ಜಾಗ ಬಿಡಬೇಕೆಂದಿತು. 198 ತೀರಗಳಲ್ಲಿ ಕುರ್ಚಿಯನ್ನೇ ನಿಷೇಧಿಸಿತು. ಆ ಚಳವಳಿ ನಡೆಸಿದವರು ದ್ವೀಪದಲ್ಲಿ ವಾಸಿಸುವವರು. ಏಕಾಂತಪ್ರಿಯ ಅತಿಥಿಗಳು ಆ ಹೊತ್ತಿಗೆ ಬೇರೆ ದ್ವೀಪ ಹುಡುಕುತ್ತಿದ್ದರು.

ನಮ್ಮ ಪಾಲೂ ಇದರಲ್ಲಿದೆ. ಈ ರಿಟ್ರೀಟುಗಳ ಬೆಳಗಿನ ಕಾರ್ಯಕ್ರಮದಲ್ಲಿ ‘ಮೈಸೂರು ಸ್ಟೈಲ್’ ಎಂಬ ಯೋಗದ ತರಗತಿ ಇರುವುದುಂಟು. ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸುತ್ತಿದ್ದ ಅಷ್ಟಾಂಗ ಕ್ರಮ. ಬೆಂಗಳೂರಿನಿಂದ ಅಥೆನ್ಸಿಗೆ ಹಾರಿ, ಪಿರೇಯಸ್‌ನಲ್ಲಿ ಹಡಗು ಹತ್ತಿ, ದೋಣಿಗೆ ಬದಲಾಗಿ, ಅಲ್ಲಿ ನಮ್ಮವರು ಮೈಸೂರನ್ನು ಯೂರೊ ಕೊಟ್ಟು ಕೊಳ್ಳುವುದನ್ನು ನೋಡಿದರೆ ನಗಬೇಕೋ ಏನೋ. ಹಾಗೆಯೇ ಇಕಾರಿಯಾದ ಜನ ನೂರು ವರ್ಷ ಬದುಕುತ್ತಾರೆ, ಸರಳ ಜೀವನವೇ ಗುಟ್ಟು ಎಂಬ ಪ್ರಚಾರ. ಇಂಥ ದೀರ್ಘಾಯುಷ್ಯದ ಊರುಗಳ ಲೆಕ್ಕದಲ್ಲಿ ಜನನ ದಾಖಲೆಯ ತಪ್ಪು, ಪಿಂಚಣಿಯ ಮೋಸ ಎಷ್ಟು ಸೇರಿದೆ ಎಂದು ತೋರಿಸಿದ ಸಂಶೋಧಕ ಸೌಲ್ ನ್ಯೂಮನ್‌ಗೆ 2024ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ ಸಿಕ್ಕಿತು. ವಾದ ಇನ್ನೂ ನಡೆದಿದೆ, ನಡೆಯಲಿ.

ಬರಿಗಾಲಿನ ಮಾತು ಬಂದಾಗೆಲ್ಲ ನನಗೆ ನೆನಪಾಗುವುದು ಗಾವ್ದೊಸ್. ಯುರೋಪಿನ ತೆಂಕಣ ತುದಿ ಅದು. ಚಳಿಗಾಲದಲ್ಲಿ ಅಲ್ಲಿ ಉಳಿಯುವವರು ನೂರರ ಆಸುಪಾಸು. ಇತ್ತೀಚಿನ ವರ್ಷಗಳಲ್ಲಿ ಲಿಬಿಯಾದ ತೊಬ್ರುಕ್ ಕಡೆಯಿಂದ ಹೊರಟ ದೋಣಿಗಳು ಅಲ್ಲಿಗೂ ಕ್ರೀಟಿಗೂ ಬಂದು ತಲುಪುತ್ತಿವೆ. ಇಳಿಯುವವರು ಈಜಿಪ್ಟಿನವರು, ಸುಡಾನಿನವರು, ಪಾಕಿಸ್ತಾನದವರು, ಬಾಂಗ್ಲಾದೇಶದವರು. ಅವರಿಗೂ ಕರೆಂಟಿಲ್ಲ, ಸಿಗ್ನಲ್ ಇಲ್ಲ, ಕಾಲಿಗೆ ಚಪ್ಪಲಿಯೂ ಇಲ್ಲದಿರಬಹುದು. ಅದೇ ತೀರದಲ್ಲಿ ಒಂದು ಗುಂಪಿನ ಇಲ್ಲದಿರುವಿಕೆ ಸಾಧನೆ, ಇನ್ನೊಂದು ಗುಂಪಿನದು ಪೊಲೀಸ್ ಪ್ರಕರಣ. ವ್ಯತ್ಯಾಸ ಇರುವುದು ಜೇಬಿನಲ್ಲಿರುವ ಪಾಸ್‌ಪೋರ್ಟಿನಲ್ಲಿ ಮತ್ತು ವಾಪಸು ಹೋಗುವ ಟಿಕೆಟಿನಲ್ಲಿ. ಆ ಟಿಕೆಟ್ ಕೈಯಲ್ಲಿರುವವರೆಗೆ ಯಾರೂ ಮೂಲಕ್ಕೆ ಮರಳಿಲ್ಲ, ರಜೆಯಲ್ಲಿದ್ದಾರೆ.

‘ಆದರೆ ಆ ಹಣ ಒಂದು ಬಡ ಕುಟುಂಬಕ್ಕೆ ಹೋಗುತ್ತದಲ್ಲ’ ಎಂಬ ಆಕ್ಷೇಪ ಬರುತ್ತದೆ. ಕೆಲವೆಡೆ ಹೋಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಅಜ್ಜನ ಮೇಕೆ ಹಟ್ಟಿಯನ್ನು ನಾಲ್ಕು ಕೋಣೆ ಮಾಡಿ ಮಕ್ಕಳನ್ನು ಓದಿಸಿದವರಿದ್ದಾರೆ. ಆದರೆ ಅದೇ ಹಣ ಊರೊಳಗೆ ಖರ್ಚಾದರೆ ಬೇಕರಿ, ಔಷಧಿ ಅಂಗಡಿ, ಮೆಕ್ಯಾನಿಕ್ಕು, ಮೀನು ಮಾರುವವನು ಎಲ್ಲರಿಗೂ ಹಂಚುತ್ತದೆ, ಚಳಿಗಾಲದಲ್ಲೂ ಶಾಲೆ ಮುಚ್ಚದಂತೆ ನಾಲ್ಕು ಸಂಸಾರ ಉಳಿಯುತ್ತವೆ. ಕೊಲ್ಲಿಯಲ್ಲಿ ಖರ್ಚಾದದ್ದು ಅಕ್ಟೋಬರಿಗೆ ಬೀಗ ಹಾಕಿಕೊಳ್ಳುತ್ತದೆ. ದ್ವೀಪಗಳಿಗೆ ವರ್ಗವಾಗಿ ಬಂದ ಮೇಷ್ಟ್ರುಗಳಿಗೆ ಬಾಡಿಗೆ ಮನೆ ಸಿಗುತ್ತಿಲ್ಲ ಎಂಬುದೂ ನಿಜ. ಅದಕ್ಕೆ ಊರೊಳಗಿನ ಪ್ರವಾಸಿಯೂ ಕಾರಣ, ನಾನು ಹೇಳುವ ದಾರಿಯೂ ನಿರ್ದೋಷಿಯಲ್ಲ. ಅದಕ್ಕೇ ಆಗಸ್ಟ್ ಬೇಡ ಎನ್ನುತ್ತೇನೆ. ನವೆಂಬರಿನಲ್ಲಿ ಹೋಗಿ, ಫೆಬ್ರವರಿಯಲ್ಲಿ ಹೋಗಿ. ಗಾಳಿ ಎಂಟು ಬೋಫೋರ್ಟ್ ಮುಟ್ಟಿದರೆ ಹಡಗು ನಿಲ್ಲಿಸುತ್ತಾರೆ. ಅಂಗಡಿಯಲ್ಲಿ ಹಾಲು ಮುಗಿಯುತ್ತದೆ. ಆರೋಗ್ಯ ಕೇಂದ್ರದಲ್ಲಿ ಕಡ್ಡಾಯ ಸೇವೆಗೆ ಬಂದ ಎಳೆಯ ವೈದ್ಯರೊಬ್ಬರು ಹೆಲಿಕಾಪ್ಟರಿಗೆ ಫೋನು ಮಾಡುತ್ತ ಕೂತಿರುತ್ತಾರೆ. ಏನೂ ಇಲ್ಲದ ದ್ವೀಪ ಬೇಕೆಂದಿರಲ್ಲ.

‘ಎಲ್ಲಿ ಇಳಿದುಕೊಳ್ಳುವುದು?’ ಬಂದರಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆಯ ಬೋರ್ಡು ನೇತುಹಾಕಿದ ಮನೆಗಳಿರುತ್ತವೆ. ಕೆಳಗೆ ಮಾಂಸದಂಗಡಿ, ಎದುರಿಗೆ ಸ್ಕೂಟರ್ ರಿಪೇರಿ, ಪಕ್ಕದ ಮನೆಯ ಟಿವಿ ರಾತ್ರಿ ಹನ್ನೊಂದರವರೆಗೆ, ನಡುರಾತ್ರಿ ಹಡಗಿನ ಲಂಗರಿನ ಸರಪಳಿ ಸದ್ದು. ಮನೆಯೊಡತಿ ಚಿತ್ರದಲ್ಲಿ ಕಾಣುವ ಕಪ್ಪುಬಟ್ಟೆಯ ಅಜ್ಜಿಯಲ್ಲ, ಟ್ರ್ಯಾಕ್ ಸೂಟಿನಲ್ಲಿರುತ್ತಾಳೆ, ಮೆಲ್ಬರ್ನಿನಲ್ಲಿರುವ ಮಗನ ಫೋಟೊ ತೋರಿಸುತ್ತಾಳೆ. ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ವೈಫೈ ಪಾಸ್‌ವರ್ಡು ಗೋಡೆಗೆ ಅಂಟಿಸಿರುತ್ತದೆ, ಬಾಡಿಗೆ ಬಹುಮಟ್ಟಿಗೆ ಆ ಲಾಟೀನಿನ ಗುಡಿಸಲಿಗಿಂತ ಕಡಿಮೆ.